ಹಳೆಯ ಪಿ.ಎ. ಸ್ಪೀಕರ್‌ಗಳ ಕ್ರಾಸ್‌ಓವರ್ ಮತ್ತು ಜ್ಯಾಕ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇನ್ನೊಬ್ಬರು ಬಳಸಿದ ಪಿ.ಎ. ಬಾಕ್ಸ್ (ಸಭೆ, ಸಂಗೀತ ಕಾರ್ಯಕ್ರಮಗಳಲ್ಲಿ ಇಡುವ ಸ್ಪೀಕರ್ ಪೆಟ್ಟಿಗೆ) ಕೊಂಡವರು, ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಬಾಕ್ಸನ್ನು ಮತ್ತೆ ಹೊರಗೆ ತೆಗೆದವರು ಮಾತಿನಲ್ಲಿ, ಪತ್ರಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಎಲ್ಲವೂ ಒಳಗೆ ಆಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಬಾಕ್ಸ್‌ಗಳಿಗೆ ಸಂಬಂಧಿಸಿದ್ದು. ಬಾಕ್ಸ್ ಕೆಟ್ಟರೆ ಬಹಳ ಜನ ನೇರವಾಗಿ ಸ್ಪೀಕರನ್ನೇ ಬದಲಿಸಲು ಹೊರಡುತ್ತಾರೆ. ನನ್ನ ಮೇಜಿಗೆ ಬಂದ ಬಾಕ್ಸ್‌ಗಳಲ್ಲಿ ದೋಷ ಹೆಚ್ಚಾಗಿ ಅದಕ್ಕೂ ಮೊದಲೇ ಸಿಕ್ಕಿದೆ: ಸಡಿಲವಾದ ಜ್ಯಾಕ್, ಬಿರುಕು ಬಿಟ್ಟ ಬೆಸುಗೆ, ಒಣಗಿದ ಕೆಪಾಸಿಟರ್, ಸುಟ್ಟ ಬಲ್ಬ್. ಇವನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದ ಮೇಲೆಯೇ ಸ್ಪೀಕರಿನ ಮೇಲೆ ಅನುಮಾನ ಪಡಿ.

## ಶುರುವಿನ ಪ್ರಶ್ನೆಗಳು

ಬಾಕ್ಸಿಂದ ಸದ್ದೇ ಬರ್ತಿಲ್ಲ. ಸ್ಪೀಕರ್ ಸುಟ್ಟುಹೋಗಿದೆ ಅಂತಲೇ ಅರ್ಥವಾ?

ಬಹುಮಟ್ಟಿಗೆ ಇಲ್ಲ. ಬಾಸ್ ನುಡಿಸುವ ವೂಫರ್ ಮತ್ತು ಮೇಲಿನ ಸ್ವರ ನುಡಿಸುವ ಹಾರ್ನ್ ಎರಡೂ ಒಂದೇ ಹೊತ್ತಿಗೆ ಸಾಯುವುದು ಅಪರೂಪ. ಎರಡೂ ಒಟ್ಟಿಗೆ ಮೌನವಾದರೆ ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲಿ ಕಡಿತವಿದೆ ಎಂದುಕೊಳ್ಳಿ: ಕೇಬಲ್, ಜ್ಯಾಕ್, ಹಿಂಬದಿಯ ಸ್ವಿಚ್, ಅಥವಾ ಜ್ಯಾಕ್‌ನಿಂದ, ಸದ್ದನ್ನು ಇವೆರಡಕ್ಕೂ ಹಂಚುವ ಕ್ರಾಸ್‌ಓವರ್ ಬೋರ್ಡಿಗೆ ಹೋಗುವ ವೈರು. ಮೊದಲು ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ನೋಡಿ, ಆಮೇಲೆ ಆಂಪ್ಲಿಫೈಯರಿನ ಇನ್ನೊಂದು ಚಾನೆಲ್‌ಗೆ ಹಾಕಿ.

ಬಾಸ್ ಮಾತ್ರ ಬರುತ್ತಿದ್ದರೆ ಹಾರ್ನ್‌ನ ಕಡೆಯ ದಾರಿ ಹುಡುಕಬೇಕು. ಚುರುಕು ಸದ್ದು ಮಾತ್ರ ಬರುತ್ತಿದ್ದರೆ ವೂಫರ್, ಕ್ರಾಸ್‌ಓವರಿನಲ್ಲಿ ಅದರ ದಾರಿಯ ಕಾಯಿಲ್, ವೂಫರಿಗೆ ಸಿಕ್ಕಿಸಿದ ಕ್ಲಿಪ್. ಬಂದು ಬಂದು ಹೋಗುತ್ತಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲ. ಸದ್ದು ಬರುತ್ತಿದೆ ಆದರೆ ಕೆರೆದಂತೆ ಕೇಳುತ್ತಿದೆ ಎಂದರೆ ಆಗ ಸ್ಪೀಕರಿನ ವಾಯ್ಸ್ ಕಾಯಿಲ್ (ಕೋನನ್ನು ಅಲ್ಲಾಡಿಸುವ ತಂತಿ ಸುರುಳಿ) ಅಥವಾ ಹಾರ್ನ್‌ನ ಡಯಾಫ್ರಮ್ (ನಡುಗಿ ಸದ್ದು ಮಾಡುವ ತೆಳು ಪೊರೆ) ಉಜ್ಜುತ್ತಿರುವ ಸಾಧ್ಯತೆ ಹೆಚ್ಚು. ಬಾಕ್ಸ್ ಬಿಚ್ಚುವ ಮೊದಲೇ ಇಷ್ಟು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕ್ರಾಸ್‌ಓವರ್ ಮಾಡೋ ಕೆಲಸ ಏನು? ತೆಗೆದುಹಾಕಿ ನೇರ ಕನೆಕ್ಷನ್ ಕೊಟ್ಟರೆ ಆಗಲ್ವಾ?

ಆಂಪ್ಲಿಫೈಯರಿನಿಂದ ಬಂದ ಸಿಗ್ನಲ್ಲಿನಲ್ಲಿ ಬಾಸನ್ನು ವೂಫರಿಗೂ ಮೇಲಿನ ಸ್ವರಗಳನ್ನು ಹಾರ್ನ್‌ಗೂ ಹಂಚುವುದು ಅದರ ಕೆಲಸ. ಕಾಯಿಲ್ ಎತ್ತರದ ಫ್ರೀಕ್ವೆನ್ಸಿಗಳನ್ನು ತಡೆಯುತ್ತದೆ, ಕೆಪಾಸಿಟರ್ ತಗ್ಗಿನವನ್ನು ತಡೆಯುತ್ತದೆ. ಹಾರ್ನ್ ಹುಟ್ಟಾ ವೂಫರಿಗಿಂತ ಜೋರು, ಹಾಗಾಗಿ ಅದನ್ನು ಸಮಕ್ಕೆ ಇಳಿಸಲು ರೆಸಿಸ್ಟರ್‌ಗಳಿರುತ್ತವೆ. ವೂಫರಿಗೆ ನೇರವಾಗಿ ಕೊಟ್ಟರೆ ಸದ್ದು ಒರಟಾಗುತ್ತದೆ, ಆದರೆ ಅದು ಬದುಕುತ್ತದೆ. ಹಾರ್ನ್‌ಗೆ ನೇರ ಕೊಟ್ಟರೆ ಮೊದಲ ಡ್ರಮ್ ಪೆಟ್ಟಿಗೇ ಡಯಾಫ್ರಮ್ ಹರಿಯಬಹುದು. ಪರೀಕ್ಷೆಗೆ ಅಂತ ಕೂಡ ಹಾಗೆ ಮಾಡಬೇಡಿ.

ಬಿಚ್ಚೋಕೆ ಭಯ. ಒಳಗೆ ಶಾಕ್ ಹೊಡೆಯುತ್ತಾ?

ಪ್ಯಾಸಿವ್ ಬಾಕ್ಸ್ ಆಗಿದ್ದು ಆಂಪ್ಲಿಫೈಯರಿನ ಕೇಬಲ್ ಕಿತ್ತಿದ್ದರೆ ಒಳಗೆ ಅಪಾಯದ ವೋಲ್ಟೇಜ್ ಏನೂ ಉಳಿದಿರುವುದಿಲ್ಲ. ಹಿಂದೆ ಕರೆಂಟಿನ ಸಾಕೆಟ್ ಇದ್ದರೆ ಅದು ಆ್ಯಕ್ಟಿವ್ ಬಾಕ್ಸ್. ಅದರ ಪವರ್ ಸಪ್ಲೈ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನ ಆಸುಪಾಸು ನಿಂತಿರಬಹುದು. ಅದನ್ನು ತಿಳಿದವರಿಗೇ ಬಿಡಿ.

ಬಿಚ್ಚುವಾಗ ನಿಜವಾದ ಅಪಾಯ ಬೇರೆ ಇದೆ. ವೂಫರಿನ ಅಯಸ್ಕಾಂತ ಸ್ಕ್ರೂಡ್ರೈವರನ್ನು ಜಗ್ಗಿ ಕೋನ್‌ಗೆ ತೂತು ಮಾಡಿಸುತ್ತದೆ. ಬಾಕ್ಸನ್ನು ಬೆನ್ನ ಮೇಲೆ ಮಲಗಿಸಿ, ಒಂದು ಕೈ ಕೋನ್ ಮತ್ತು ಬಿಟ್‌ನ ನಡುವೆ ಅಡ್ಡ ಇಟ್ಟು ಸ್ಕ್ರೂ ತೆಗೆಯಿರಿ. ವೂಫರನ್ನು ಎತ್ತಿದ ಕೂಡಲೇ ವೈರು ಕೀಳಬೇಡಿ. ಯಾವ ಬಣ್ಣ ಎಲ್ಲಿಗೆ ಹೋಗಿದೆ ಎಂದು ಎರಡು ಮೂರು ಕೋನದಿಂದ ಫೋಟೋ ತೆಗೆದುಕೊಳ್ಳಿ. ಜೋಡಿ ಬಾಕ್ಸ್ ಇದ್ದರೆ ಎರಡನ್ನೂ ಒಂದೇ ಸಲ ಬಿಚ್ಚದೆ, ಸರಿಯಿರುವುದನ್ನು ಮಾದರಿಗೆ ಇಟ್ಟುಕೊಳ್ಳಿ.

ಏನೇನು ಸಾಮಾನು ಬೇಕು?

ಮಲ್ಟಿಮೀಟರ್, ಕೆಪಾಸಿಟರ್ ಅಳೆಯುವ ಸೌಲಭ್ಯ ಇದ್ದರೆ ಒಳ್ಳೆಯದು. 60 ವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಸಾಲ್ಡರಿಂಗ್ ಐರನ್, ಏಕೆಂದರೆ ಜ್ಯಾಕ್‌ನ ದಪ್ಪ ಕಾಲುಗಳು ಶಾಖವನ್ನೆಲ್ಲ ಹೀರಿಬಿಡುತ್ತವೆ. ಹಳೆ ಸಾಲ್ಡರ್ ತೆಗೆಯಲು ತಾಮ್ರದ ಹೆಣಿಗೆ, ಮೊಸಳೆ ಕ್ಲಿಪ್ ಇರುವ ಒಂದೆರಡು ವೈರು, ಭೂತಗನ್ನಡಿ, ಟಾರ್ಚು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡರೆ ಪರೀಕ್ಷೆಗೆ ಸಾಕು.

ಬಾಕ್ಸ್ ಮೇಲೆ 8 ಓಮ್ ಅಂತ ಬರೆದಿದೆ. ಮೀಟರ್ 6 ತೋರಿಸ್ತಿದೆ. ಕೆಟ್ಟಿದೆಯಾ?

ಸರಿಯಾಗಿಯೇ ಇದೆ. 8 ಎಂಬುದು ಸದ್ದಿನ ಸಿಗ್ನಲ್ ಹರಿಯುವಾಗಿನ ಇಂಪೀಡೆನ್ಸ್ (ಒಟ್ಟು ಅಡ್ಡಿ). ಮೀಟರ್ ಅಳೆಯುವುದು ತಾಮ್ರದ ಸುರುಳಿಯ ಡಿ.ಸಿ. ರೆಸಿಸ್ಟೆನ್ಸ್, ಅದು ಯಾವಾಗಲೂ ಕಡಿಮೆ. 8 ಓಮ್‌ನದ್ದು 5.5ರಿಂದ 7ರವರೆಗೆ, 4 ಓಮ್‌ನದ್ದು 3ರಿಂದ 3.7ರವರೆಗೆ ತೋರಿಸಿದರೆ ಸಹಜ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಜ್ಯಾಕ್‌ನಲ್ಲಿ ಮೀಟರ್ ಇಟ್ಟಾಗ ಸಿಗುವ ಆ 6 ಓಮ್ ವೂಫರಿನದ್ದು ಮಾತ್ರ. ಹಾರ್ನ್‌ನ ದಾರಿಯಲ್ಲಿ ಕೆಪಾಸಿಟರ್ ಕುಳಿತಿರುವುದರಿಂದ ಮೀಟರಿನ ಡಿ.ಸಿ. ಅಲ್ಲಿಗೆ ತಲುಪುವುದೇ ಇಲ್ಲ. ಹಾರ್ನ್ ಪೂರ್ತಿ ಸತ್ತಿದ್ದರೂ ಜ್ಯಾಕ್‌ನಲ್ಲಿ 6 ಓಮ್ ಚೆಂದವಾಗಿ ಕಾಣುತ್ತದೆ. ಬಳಸಿದ ಬಾಕ್ಸ್ ಕೊಳ್ಳುವಾಗ ಮೀಟರಿನ ಈ ಒಂದು ಓದನ್ನು ನೋಡಿ ‘ಎಲ್ಲ ಸರಿಯಿದೆ’ ಎಂದು ಒಪ್ಪಿಕೊಳ್ಳಬೇಡಿ. ಕಿವಿಯನ್ನು ಹಾರ್ನ್‌ನ ಹತ್ತಿರ ಇಟ್ಟು ಸಣ್ಣ ವಾಲ್ಯೂಮಿನಲ್ಲಿ ಕೇಳಿ.

## ಜ್ಯಾಕ್, ವೈರು, ಸ್ವಿಚ್ಚು

ವೈರು ಅಲ್ಲಾಡಿಸಿದ್ರೆ ಸದ್ದು ಬರುತ್ತೆ, ಕೈಬಿಟ್ರೆ ಹೋಗುತ್ತೆ. ಜ್ಯಾಕ್ ಬದಲಿಸಲೇಬೇಕಾ?

ಮೊದಲು ಇನ್ನೊಂದು ಕೇಬಲ್ ಹಾಕಿ ನೋಡಿ. ಆಗಲೂ ಹಾಗೇ ಆದರೆ ಜ್ಯಾಕ್ ಪ್ಲೇಟ್ ಬಿಚ್ಚಿ. ಕಾಲಿಂಚಿನ ಜ್ಯಾಕ್ ಆಗಿದ್ದರೆ, ಅಂದರೆ 6.35 ಮಿ.ಮೀ.ನದ್ದು, ಪ್ಲಗ್ ಹಾಕಿ ಹಿಂದಿನಿಂದ ನೋಡಿ: ಒಳಗಿನ ಸ್ಪ್ರಿಂಗ್ ಪಟ್ಟಿ ಪ್ಲಗ್‌ನ ತುದಿಯನ್ನು ಒತ್ತಿ ಹಿಡಿದಿರಬೇಕು. ವರ್ಷಗಟ್ಟಲೆ ಬಳಸಿ ಆ ಪಟ್ಟಿ ಬಾಗಿ ಸಡಿಲಾಗಿದ್ದರೆ ಒಂದಿಷ್ಟು ಒಳಕ್ಕೆ ಬಗ್ಗಿಸಿದರೆ ತಾತ್ಕಾಲಿಕವಾಗಿ ಹಿಡಿತ ಬರುತ್ತದೆ. ಆದರೆ ಅದು ಮತ್ತೆ ಸಡಿಲಾಗುವುದು ಖಂಡಿತ, ಬದಲಿಸುವುದೇ ಮೇಲು.

ಇನ್ನೊಂದು ಸಾಮಾನ್ಯ ಕಾರಣ ಹೊರಗಿನ ನಟ್. ಅದು ಸಡಿಲಾದರೆ ಪ್ಲಗ್ ಹಾಕಿದಾಗಲೆಲ್ಲ ಇಡೀ ಜ್ಯಾಕ್ ತಿರುಗುತ್ತದೆ, ಹಿಂದಿನ ವೈರು ತಿರುಚಿ ತಿರುಚಿ ಬೆಸುಗೆಯ ಬುಡದಲ್ಲೇ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರುವುದರಿಂದ ನೋಡಿದರೆ ವೈರು ಗಟ್ಟಿಯಿದ್ದಂತೆ ಕಾಣುತ್ತದೆ. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ. ತುಂಡಾಗಿದ್ದರೆ ಹಳೆಯ ತುದಿಯನ್ನು ಕತ್ತರಿಸಿ, ಕಪ್ಪಾಗದ ತಾಮ್ರ ಸಿಗುವವರೆಗೆ ಹಿಂದಕ್ಕೆ ಹೋಗಿ ಹೊಸದಾಗಿ ಬೆಸೆಯಿರಿ.

ಸ್ಪೀಕಾನ್ ಹಾಕಿದ್ರೆ ಸದ್ದಿಲ್ಲ, ಪಕ್ಕದ ಜ್ಯಾಕ್‌ನಲ್ಲಿ ಮಾತ್ರ ಬರುತ್ತೆ. ಯಾಕೆ?

ಸ್ಪೀಕಾನ್ ಎಂದರೆ ಸ್ಪೀಕರಿಗೆಂದೇ ಮಾಡಿದ, ತಿರುಗಿಸಿ ಲಾಕ್ ಮಾಡುವ ಕನೆಕ್ಟರ್. ಅದನ್ನು ಒಳಕ್ಕೆ ತಳ್ಳಿದರೆ ಸಾಲದು, ಬಲಕ್ಕೆ ತಿರುಗಿಸಿ ಕ್ಲಿಕ್ ಎನ್ನಬೇಕು. ತಿರುಗದೆ ನಿಂತಿದ್ದರೆ ಒಳಗೆ ಸಂಪರ್ಕವೇ ಆಗಿರುವುದಿಲ್ಲ. ಅದು ಸರಿಯಿದ್ದರೆ ಪಿನ್ ಸಂಖ್ಯೆ ನೋಡಿ. ನಾಲ್ಕು ಸಂಪರ್ಕದ ಸ್ಪೀಕಾನ್‌ನಲ್ಲಿ 1+, 1-, 2+, 2- ಎಂಬ ಗುರುತುಗಳಿರುತ್ತವೆ. ಮಾಮೂಲಿ ಫುಲ್ ರೇಂಜ್ ಬಾಕ್ಸ್‌ಗೆ (ಇಡೀ ಸದ್ದು ಒಂದೇ ಆಂಪ್ಲಿಫೈಯರ್ ಚಾನೆಲ್‌ನಿಂದ ಬರುವಂಥದ್ದು) 1+ ಮತ್ತು 1-ರಲ್ಲಿ ಸಿಗ್ನಲ್ ಬರಬೇಕು. ಹಿಂದೆ ಯಾರೋ ಕೇಬಲ್ ಮಾಡುವಾಗ 2ರ ಜೋಡಿಗೆ ಹಾಕಿದ್ದರೆ ಬಾಕ್ಸ್ ಮೌನವಾಗಿಯೇ ಇರುತ್ತದೆ.

ಬೈ-ಆಂಪ್ ಮಾಡಬಲ್ಲ, ಅಂದರೆ ವೂಫರಿಗೂ ಹಾರ್ನ್‌ಗೂ ಬೇರೆ ಬೇರೆ ಆಂಪ್ಲಿಫೈಯರ್ ಚಾನೆಲ್ ಕೊಡಬಲ್ಲ ಬಾಕ್ಸ್‌ಗಳಲ್ಲಿ ಹೆಚ್ಚಾಗಿ 1ರ ಜೋಡಿ ವೂಫರಿಗೆ, 2ರ ಜೋಡಿ ಹಾರ್ನ್‌ಗೆ ಹೋಗಿರುತ್ತದೆ. ಆ ಸ್ಥಿತಿಯಲ್ಲಿ 2ರ ಜೋಡಿಗೆ ಫುಲ್ ರೇಂಜ್ ಸಿಗ್ನಲ್ ಕೊಟ್ಟರೆ ಕ್ರಾಸ್‌ಓವರ್ ದಾಟಿಕೊಂಡು ನೇರ ಹಾರ್ನ್‌ಗೆ ಬಾಸ್ ಬಡಿಯುತ್ತದೆ. ಹೊಸದಾಗಿ ಕೈಗೆ ಬಂದ ಬಾಕ್ಸ್ ಯಾವುದೇ ಇರಲಿ, ಪ್ಲೇಟ್ ಬಿಚ್ಚಿ ಯಾವ ಪಿನ್ ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿಯೇ ಆಂಪ್ಲಿಫೈಯರ್ ಹಚ್ಚಿ.

ಸಾಕೆಟ್ ಸಣ್ಣ ಬೋರ್ಡಿನ ಮೇಲೆ ಬೆಸೆದಿರುವ ಮಾದರಿಯಾದರೆ ಅದರ ಕಾಲುಗಳ ಸುತ್ತಲಿನ ಸಾಲ್ಡರನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಸಲ ತಿರುಗಿಸುವ ಬಲವೆಲ್ಲ ಆ ನಾಲ್ಕು ಬೆಸುಗೆಗಳ ಮೇಲೆ ಬಿದ್ದು ಅವು ಬಿರಿಯುತ್ತವೆ.

ಹಳೆ ಕಾಲಿಂಚು ಜ್ಯಾಕ್ ಕಿತ್ತು ಸ್ಪೀಕಾನ್ ಹಾಕೋದು ಒಳ್ಳೇದಾ?

ಖಂಡಿತ ಒಳ್ಳೆಯದು. ಜ್ಯಾಕ್ ರಿಪೇರಿಗೆ ಕೈ ಹಾಕಿದ್ದರೆ ಅದೇ ಸಮಯದಲ್ಲಿ ಮಾಡಿಬಿಡಿ. ಕಾಲಿಂಚಿನ ಪ್ಲಗ್ ಮೂಲತಃ ಸಣ್ಣ ಕರೆಂಟಿನ ಕೆಲಸಕ್ಕೆ ಹುಟ್ಟಿದ್ದು. ಅದರ ತುದಿ ತಾಗುವ ಜಾಗ ಬಹಳ ಕಿರಿದು, ಮೇಲಾಗಿ ಕೇಬಲ್‌ನ ಇನ್ನೊಂದು ತುದಿ ಹೊರಗಿದ್ದಾಗ, ಪ್ಲಗ್ ಹಾಕುವಾಗ, ತೆಗೆಯುವಾಗ ಆಂಪ್ಲಿಫೈಯರಿನ ಔಟ್‌ಪುಟ್ ಶಾರ್ಟ್ ಆಗುವ ಅವಕಾಶ ಇದ್ದೇ ಇರುತ್ತದೆ. ಇದಕ್ಕೆ ಉತ್ತರವಾಗಿಯೇ ನ್ಯೂಟ್ರಿಕ್ ಸಂಸ್ಥೆ 1980ರ ದಶಕದಲ್ಲಿ ಸ್ಪೀಕಾನ್ ತಂದಿತು. ಸಂಪರ್ಕಗಳು ಒಳಗೆ ಮುಚ್ಚಿರುತ್ತವೆ, ಲಾಕ್ ಆಗುತ್ತದೆ, ಹೆಚ್ಚು ಕರೆಂಟ್ ಹೊರುತ್ತದೆ.

ಚೌಕ ತಟ್ಟೆಯ ಸ್ಪೀಕಾನ್ ಸಾಕೆಟ್‌ಗೆ ಸುಮಾರು 24 ಮಿ.ಮೀ. ತೂತು ಬೇಕು. ಎರಡು ಸಂಪರ್ಕದ ಪ್ಲಗ್ ನಾಲ್ಕು ಸಂಪರ್ಕದ ಸಾಕೆಟ್‌ಗೆ ಕೂರುತ್ತದೆ, ನಾಲ್ಕರ ಪ್ಲಗ್ ಎರಡರ ಸಾಕೆಟ್‌ಗೆ ಕೂರುವುದಿಲ್ಲ. ಆದ್ದರಿಂದ ಬಾಕ್ಸ್‌ನಲ್ಲಿ ನಾಲ್ಕರ ಸಾಕೆಟ್ಟನ್ನೇ ಹಾಕಿ.

ಕೆಲವು ಹಳೆಯ ಬಾಕ್ಸ್‌ಗಳಲ್ಲಿ ಸ್ಪೀಕರಿನ ಇನ್‌ಪುಟ್‌ಗೆ ಎಕ್ಸ್‌ಎಲ್‌ಆರ್ ಸಾಕೆಟ್ ಇರುತ್ತದೆ. ಅದನ್ನಂತೂ ಉಳಿಸಿಕೊಳ್ಳಲೇಬೇಡಿ. ಕತ್ತಲ ವೇದಿಕೆಯಲ್ಲಿ ಅದು ಮೈಕಿನ ಸಾಕೆಟ್ಟಿನಂತೆಯೇ ಕಾಣುತ್ತದೆ, ಆಂಪ್ಲಿಫೈಯರಿನ ಔಟ್‌ಪುಟ್ ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಹೋದರೆ ಆ ಚಾನೆಲ್ ಉಳಿಯುವುದು ಕಷ್ಟ.

ಗಿಟಾರ್ ಕೇಬಲ್ಲನ್ನೇ ಸ್ಪೀಕರಿಗೆ ಹಾಕಬಹುದಾ? ಪ್ಲಗ್ ಒಂದೇ ತರಹ ಇದೆ.

ಬೇಡ. ಅದರ ಒಳಗಿನ ನಡು ತಂತಿ ಕೂದಲಿನಷ್ಟು ಸಣ್ಣದು. ದೊಡ್ಡ ಕರೆಂಟಿಗೆ ಬಿಸಿಯಾಗಿ ಹೊದಿಕೆ ಕರಗಿದರೆ ಶಾರ್ಟ್. ಸ್ಪೀಕರ್ ಕೇಬಲ್‌ನಲ್ಲಿ ಎರಡೂ ತಂತಿ ಸಮ ದಪ್ಪ ಇರಬೇಕು, ಒಂದೊಂದೂ 1.5 ಅಥವಾ 2.5 ಚದರ ಮಿ.ಮೀ.

ಫುಲ್ ರೇಂಜ್, ಬೈ-ಆಂಪ್ ಸ್ವಿಚ್ ಮುಟ್ಟಿದಾಗೆಲ್ಲ ಸದ್ದು ಬರುತ್ತೆ, ಹೋಗುತ್ತೆ.

ಬೈ-ಆಂಪ್ ಸೌಲಭ್ಯವಿರುವ ಬಾಕ್ಸ್ ಸತ್ತಂತೆ ಕಂಡಾಗ ನಾನು ಮೊದಲು ಅನುಮಾನ ಪಡುವುದು ಈ ಸ್ವಿಚ್ಚಿನ ಮೇಲೆ. ವರ್ಷಗಟ್ಟಲೆ ಒಂದೇ ಸ್ಥಾನದಲ್ಲಿ ನಿಂತು ಅದರ ಸಂಪರ್ಕಗಳ ಮೇಲೆ ಕಿಲುಬು ಕಟ್ಟಿರುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಒಂದಿಷ್ಟು ಒಳಕ್ಕೆ ಬಿಟ್ಟು, ಸ್ವಿಚ್ಚನ್ನು ಅತ್ತಿತ್ತ ಹತ್ತಾರು ಸಲ ಆಡಿಸಿ. ಕ್ಲೀನರ್ ಎಂದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ್ದು; ತುಕ್ಕು ಬಿಡಿಸುವ ಮಾಮೂಲಿ ಎಣ್ಣೆ ಸ್ಪ್ರೇ ಅಂಟು ಉಳಿಸಿ ಧೂಳು ಹಿಡಿಯುತ್ತದೆ. ಬೈ-ಆಂಪ್ ಯಾವತ್ತೂ ಬಳಸುವುದಿಲ್ಲ ಎಂದಾದರೆ ಸ್ವಿಚ್ಚನ್ನೇ ಬದಿಗಿಟ್ಟು, ಫುಲ್ ರೇಂಜ್ ಸ್ಥಾನದಲ್ಲಿ ಯಾವ ಕಾಲು ಯಾವುದಕ್ಕೆ ಸೇರುತ್ತದೆ ಎಂದು ಮೀಟರಿನಿಂದ ಗುರುತು ಮಾಡಿಕೊಂಡು ಅವುಗಳನ್ನು ವೈರಿನಿಂದಲೇ ಬೆಸೆದುಬಿಡಿ. ಹಿಂದೆ ಒಂದು ಚೀಟಿ ಅಂಟಿಸಲು ಮರೆಯಬೇಡಿ, ಮುಂದೆ ಬಿಚ್ಚುವವರಿಗೆ ಗೊತ್ತಾಗಬೇಕು.

## ಕ್ರಾಸ್‌ಓವರ್ ಬೋರ್ಡ್

ಬರೀ ಬಾಸ್ ಬರ್ತಿದೆ, ಹಾರ್ನ್ ಮಾತಾಡ್ತಿಲ್ಲ. ಎಲ್ಲಿಂದ ಹುಡುಕಲಿ?

ಕೊನೆಯಿಂದ ಹಿಂದಕ್ಕೆ ಬನ್ನಿ. ಹಾರ್ನ್‌ನ ಎರಡೂ ವೈರು ಕಳಚಿ ಅದರ ಟರ್ಮಿನಲ್ಲುಗಳ ಮೇಲೆ ಮೀಟರ್ ಇಡಿ. 8 ಓಮ್ ಡ್ರೈವರ್ ಆದರೆ 5ರಿಂದ 7ರ ಒಳಗೆ ಬರಬೇಕು, ಮೀಟರ್ ತಾಗಿದ ಕ್ಷಣ ಒಂದು ಸಣ್ಣ ಟಿಕ್ ಸದ್ದು ಕೇಳಬೇಕು. ಓದು ಬಾರದಿದ್ದರೆ ಡಯಾಫ್ರಮ್ ಹೋಗಿದೆ, ಕ್ರಾಸ್‌ಓವರಿನ ಗೊಡವೆ ಆಮೇಲೆ. ಹಾರ್ನ್‌ಗೆ ಬ್ಯಾಟರಿ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ವೂಫರಿಗೆ 1.5 ವೋಲ್ಟಿನ ಸೆಲ್ ಸರಿ, ಸೂಕ್ಷ್ಮ ಡಯಾಫ್ರಮ್‌ಗೆ ಬೇಡ.

ಡಯಾಫ್ರಮ್ ಸರಿಯಿದ್ದರೆ ಬೋರ್ಡಿನ ಕಡೆ ತಿರುಗಿ. ಹಾರ್ನ್‌ನ ದಾರಿಯಲ್ಲಿ ಸರದಿಯಾಗಿ ಬರುವ ಭಾಗಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಇನ್‌ಪುಟ್, ಹಾರ್ನನ್ನು ಕಾಯುವ ಬಲ್ಬ್ ಅಥವಾ ಪಾಲಿಸ್ವಿಚ್, ಕೆಪಾಸಿಟರ್, ರೆಸಿಸ್ಟರ್, ಹಾರ್ನ್. ತಯಾರಕರಿಂದ ತಯಾರಕರಿಗೆ ಕ್ರಮ ಬೇರೆಯಿರುತ್ತದೆ, ಬೋರ್ಡಿನ ತಾಮ್ರದ ಹಾದಿ ಹಿಡಿದು ಹೋದರೆ ಗೊತ್ತಾಗುತ್ತದೆ. ಬಲ್ಬ್ ಮತ್ತು ರೆಸಿಸ್ಟರನ್ನು ಮೀಟರಿನಲ್ಲೇ ಅಳೆಯಬಹುದು. ಅಲ್ಲೂ ಸಿಗದಿದ್ದರೆ ಹಾರ್ನ್ ಮತ್ತೆ ಜೋಡಿಸಿ, 3 ಕಿಲೋಹರ್ಟ್ಸ್ ಟೋನನ್ನು ತೀರ ಸಣ್ಣ ವಾಲ್ಯೂಮಿನಲ್ಲಿ ಕೊಟ್ಟು, ಮೊಸಳೆ ಕ್ಲಿಪ್ಪಿನ ವೈರಿನಿಂದ ಅನುಮಾನದ ಬಲ್ಬನ್ನೋ ರೆಸಿಸ್ಟರನ್ನೋ ಒಂದು ಗಳಿಗೆ ಬೈಪಾಸ್ ಮಾಡಿ. ಹಾರ್ನ್ ಮಾತಾಡಿದರೆ ಕಡಿತ ಆ ಭಾಗದಲ್ಲಿದೆ. ಕೆಪಾಸಿಟರನ್ನು ಮಾತ್ರ ಹೀಗೆ ಬೈಪಾಸ್ ಮಾಡಬಾರದು. ಅದಕ್ಕೆ ಅಷ್ಟೇ ಮೌಲ್ಯದ ಇನ್ನೊಂದನ್ನು ಪಕ್ಕಕ್ಕೆ ಹಿಡಿದು ನೋಡಿ.

ಕ್ರಾಸ್‌ಓವರ್ ಒಳಗೆ ಬಲ್ಬ್ ಯಾಕಿದೆ? ಅದರ ಜಾಗಕ್ಕೆ ವೈರ್ ಹಾಕಿದೆ, ಚೆನ್ನಾಗಿ ಬರ್ತಿದೆ.

ದಯವಿಟ್ಟು ಆ ವೈರು ತೆಗೆದು ಬಲ್ಬ್ ಹಾಕಿ. ಅದು ಹಾರ್ನ್‌ನ ಕಾವಲುಗಾರ. ತಂತಿ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಬಹಳ ಕಡಿಮೆ, ಸದ್ದು ಅಡ್ಡಿಯಿಲ್ಲದೆ ಹೋಗುತ್ತದೆ. ಪವರ್ ಮಿತಿ ಮೀರಿದಾಗ ತಂತಿ ಕಾದು ಉರಿಯುತ್ತದೆ, ರೆಸಿಸ್ಟೆನ್ಸ್ ಹಲವು ಪಟ್ಟು ಏರಿ ಹಾರ್ನ್‌ಗೆ ಹೋಗುವ ಪವರ್ ಇಳಿಯುತ್ತದೆ. ವೂಫರ್ ನೂರಾರು ವ್ಯಾಟ್ ತಾಳಿದರೂ ಹಾರ್ನ್ ತಾಳುವುದು ಕೆಲವೇ ಹತ್ತು ವ್ಯಾಟ್. ಬಲ್ಬ್ ಇಲ್ಲದ ಬಾಕ್ಸ್‌ನಲ್ಲಿ ಮೈಕ್ ಒಂದು ಸಲ ಜೋರಾಗಿ ಕೂಗಿದರೆ ವಾಯ್ಸ್ ಕಾಯಿಲ್ ಮುಗಿಯಿತು.

ಹೊಸ ಬಲ್ಬ್‌ನ ವೋಲ್ಟ್ ಮತ್ತು ವ್ಯಾಟ್ ಹಳೆಯದರಷ್ಟೇ ಇರಬೇಕು, ಗಾಜಿನ ಅಥವಾ ಲೋಹದ ತುದಿಯ ಮೇಲೆ ಬರೆದಿರುತ್ತದೆ. ಹಲವು ಬಾಕ್ಸ್‌ಗಳಲ್ಲಿ ಇರುವುದು ವಾಹನದ ದೀಪದ ಮಾದರಿಯದ್ದೇ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್‌ನ ಗಾಜು ಒಳಗಡೆ ಕಪ್ಪು ಬಳಿದಂತಿದ್ದರೆ, ತಂತಿ ಇನ್ನೂ ತುಂಡಾಗದಿದ್ದರೂ ಬದಲಿಸಿ. ಅದರ ಹಿಡಿಕೆಯ ಸ್ಪ್ರಿಂಗ್ ಸಡಿಲಾಗಿಯೂ ಸಂಪರ್ಕ ತಪ್ಪುತ್ತದೆ. ಹಳದಿ ಬಿಲ್ಲೆಯಂತಿರುವ ಪಾಲಿಸ್ವಿಚ್ ಇದ್ದರೆ ಅದೂ ಇದೇ ಕೆಲಸಕ್ಕೆ. ತಣ್ಣಗಿರುವಾಗ ಒಂದು ಓಮ್‌ನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು.

ಸಣ್ಣ ವಾಲ್ಯೂಮಿಗೆ ಸರಿ ಇದೆ. ಬಾಸ್ ಜೋರಾದಾಗ ಮಾತ್ರ ಸದ್ದು ಕಟ್ ಆಗುತ್ತೆ.

ಇದು ನನಗೆ ಬಹಳ ಇಷ್ಟದ ದೋಷ, ಏಕೆಂದರೆ ಇದರಲ್ಲಿ ಹೊಸ ಬಿಡಿಭಾಗವೇ ಬೇಕಾಗುವುದಿಲ್ಲ. ಕ್ರಾಸ್‌ಓವರ್ ಬೋರ್ಡಿನ ಮೇಲಿನ ಅತಿ ಭಾರದ ವಸ್ತು ವೂಫರಿನ ಕಾಯಿಲ್. ಬಾಕ್ಸ್ ನಡುಗಿದಾಗಲೆಲ್ಲ ಆ ಭಾರ ಎರಡು ಸಣ್ಣ ಬೆಸುಗೆಗಳ ಮೇಲೆ ಜಗ್ಗುತ್ತದೆ. ಇತ್ತೀಚೆಗೆ ಬಂದ ಒಂದು ಬಾಕ್ಸ್‌ನಲ್ಲಿ ಮೇಲಿಂದ ನೋಡಿದರೆ ಎಲ್ಲ ಅಚ್ಚುಕಟ್ಟಾಗಿತ್ತು. ಬೋರ್ಡ್ ಮಗುಚಿ ಟಾರ್ಚನ್ನು ಅಡ್ಡ ಹಿಡಿದಾಗ ಕಾಯಿಲ್‌ನ ಒಂದು ಕಾಲಿನ ಸುತ್ತ, ಸಾಲ್ಡರ್ ಗುಡ್ಡೆಯ ನಟ್ಟನಡುವೆ, ಪೆನ್ಸಿಲಿನಲ್ಲಿ ಸುತ್ತಿದಂಥ ಒಂದು ಸಣ್ಣ ಕಪ್ಪು ಉಂಗುರ ಕಂಡಿತು. ಕಡ್ಡಿಯಿಂದ ಕಾಲನ್ನು ಒತ್ತಿದರೆ ಆ ಉಂಗುರದೊಳಗೆ ತಂತಿ ಮೇಲೆ ಕೆಳಗೆ ಆಡುತ್ತಿತ್ತು. ಸದ್ದು ಸಣ್ಣದಿದ್ದಾಗ ತಂತಿ ತಾಗಿಕೊಂಡೇ ಇರುತ್ತದೆ, ಬಾಸ್ ಬಡಿದಾಗ ಬಿಡುತ್ತದೆ.

ಇಂಥ ಕಡೆ ಮೇಲಿಂದ ಮೇಲೆ ಹೊಸ ಸಾಲ್ಡರ್ ಸುರಿದರೆ ಬಾಳಿಕೆ ಬರುವುದಿಲ್ಲ. ಹಳೆಯದನ್ನು ಪೂರ್ತಿ ಹೀರಿ ತೆಗೆಯಿರಿ. ಕಾಯಿಲ್‌ನ ತಂತಿಯ ಮೇಲೆ ಇನಾಮೆಲ್ ಇದ್ದರೆ ಬ್ಲೇಡಿನಿಂದ ಕೆರೆದು ಕೆಂಪು ತಾಮ್ರ ಕಾಣುವಂತೆ ಮಾಡಿ, ಫ್ಲಕ್ಸ್ ಹಚ್ಚಿ, ಸಾಲ್ಡರ್ ತಾನಾಗಿ ಹರಡುವವರೆಗೆ ಕಾಯಿಸಿ. ಆಮೇಲೆ ಭಾರವನ್ನು ಬೆಸುಗೆಯ ಮೇಲಿಂದ ಇಳಿಸಬೇಕು: ಬೋರ್ಡಿನಲ್ಲಿ ತೂತು ಮಾಡಿ ಕಾಯಿಲನ್ನು ಪ್ಲಾಸ್ಟಿಕ್ ಟೈನಿಂದ ಬಿಗಿಯಿರಿ, ಬುಡಕ್ಕೆ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ತನ್ನಿ. ಇದೇ ಹೊತ್ತಿಗೆ ವೂಫರಿನ ಟರ್ಮಿನಲ್‌ಗೆ ಸಿಕ್ಕಿಸುವ ಚಪ್ಪಟೆ ಕ್ಲಿಪ್ಪುಗಳನ್ನೂ ಇಕ್ಕುಳದಿಂದ ಕೊಂಚ ಬಿಗಿ ಮಾಡಿಬಿಡಿ.

ಕೆಪಾಸಿಟರ್ ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಹೊಸದು ಯಾವುದು ಹಾಕಲಿ?

ಉಬ್ಬಿದ, ಸೋರಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಉಳಿದವನ್ನು ಅಳೆಯಬೇಕು, ಅದಕ್ಕೆ ಒಂದು ಕಾಲನ್ನಾದರೂ ಬೋರ್ಡಿನಿಂದ ಬಿಡಿಸಬೇಕು. ಇಲ್ಲದಿದ್ದರೆ ಪಕ್ಕದ ಕಾಯಿಲ್, ಹಾರ್ನ್ ಎಲ್ಲ ಸೇರಿ ಸುಳ್ಳು ಓದು ಕೊಡುತ್ತವೆ. ಬರೆದ ಮೌಲ್ಯಕ್ಕಿಂತ 10 ಶೇಕಡಾ ಹೆಚ್ಚು ಕಡಿಮೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಆಚೆ ಹೋಗಿದ್ದರೆ, ಅಥವಾ ಜೋಡಿ ಬಾಕ್ಸ್‌ಗಳಲ್ಲಿ ಒಂದಕ್ಕೊಂದು ಹೊಂದದಿದ್ದರೆ ಎರಡರಲ್ಲೂ ಬದಲಿಸಿ.

ವೋಲ್ಟೇಜ್ ರೇಟಿಂಗ್ ಬಗ್ಗೆ ಜಿಪುಣತನ ಬೇಡ. ಹಾರ್ನ್‌ನ ಸರಣಿಯ ಕೆಪಾಸಿಟರ್ ಬಾಸನ್ನು ತಡೆದು ನಿಲ್ಲಿಸುವಾಗ ಆಂಪ್ಲಿಫೈಯರಿನ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜನ್ನು ತಾನೇ ಹೊರುತ್ತದೆ. 8 ಓಮ್‌ಗೆ 500 ವ್ಯಾಟ್ ಎಂದರೆ 63 ವೋಲ್ಟ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ), ಶಿಖರ 89 ವೋಲ್ಟ್. 1000 ವ್ಯಾಟ್ ಆದರೆ ಶಿಖರ 126 ವೋಲ್ಟ್ ದಾಟುತ್ತದೆ, 100 ವೋಲ್ಟಿನದ್ದು ಸಾಲದು. ನಾನು 250 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕುತ್ತೇನೆ. ಅದು ಒಣಗುವುದಿಲ್ಲ. ಗಾತ್ರ ದೊಡ್ಡದಾದ್ದರಿಂದ ಟೈ ಹಾಕಿ ಕಟ್ಟುವುದು ಕಡ್ಡಾಯ. ಹಳೆಯ ಎಲೆಕ್ಟ್ರೋಲಿಟಿಕ್ (ವರ್ಷ ಕಳೆದಂತೆ ಒಣಗುವ ಬಗೆಯ) ಕೆಪಾಸಿಟರಿನ ಒಳಗೆ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತಿತ್ತು, ಫಿಲ್ಮ್‌ನಲ್ಲಿ ಅದು ಇಲ್ಲದಂತೆಯೇ. ಹಾಗಾಗಿ ಹಾರ್ನ್ ಒಂದು ಎಳೆ ಚುರುಕಾಗಿ ಕೇಳಿಸಬಹುದು. ಕಿವಿಗೆ ಚುಚ್ಚಿದರೆ ಅರ್ಧ ಓಮ್‌ನ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ.

ಪ್ಲಸ್ ಮೈನಸ್ ಗುರುತಿರೋ ಮಾಮೂಲಿ ಕೆಪಾಸಿಟರ್ ಇದೆ. ಅದನ್ನೇ ಹಾಕಲಾ?

ಒಂಟಿಯಾಗಿ ಹಾಕಬಾರದು. ಸ್ಪೀಕರಿಗೆ ಬರುವುದು ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಉಲ್ಟಾ ದಿಕ್ಕಿನಲ್ಲಿ ಅದು ಬಿಸಿಯಾಗಿ ಸಿಡಿಯುತ್ತದೆ. ಪ್ಲಸ್ ಮೈನಸ್ ಭೇದವಿಲ್ಲದ ನಾನ್-ಪೋಲಾರ್ ಸಿಗುವವರೆಗೆ ತುರ್ತಿಗೆ ಎರಡನ್ನು ಮೈನಸ್‌ಗೆ ಮೈನಸ್ ಸೇರಿಸಿ ಸರಣಿಯಲ್ಲಿ ಹಾಕಬಹುದು. ಆಗ ಮೌಲ್ಯ ಅರ್ಧವಾಗುತ್ತದೆ: 10 ಮೈಕ್ರೋಫ್ಯಾರಡ್ ಬೇಕಿದ್ದರೆ 20ರವು ಎರಡು.

ಬಿಳಿ ರೆಸಿಸ್ಟರ್ ಸುತ್ತ ಬೋರ್ಡ್ ಕಪ್ಪಾಗಿ ಸುಟ್ಟಿದೆ. ರೆಸಿಸ್ಟರ್ ಮಾತ್ರ ಬದಲಿಸಿದ್ರೆ ಸಾಕಾ?

ಸಾಲದು. ಸುಟ್ಟು ಇದ್ದಿಲಾದ ಬೋರ್ಡ್ ಕರೆಂಟ್ ಹಾಯಿಸುತ್ತದೆ. ಕಪ್ಪನ್ನು ಗಟ್ಟಿ ಬೋರ್ಡ್ ಕಾಣುವವರೆಗೆ ಕೆರೆದು ತೆಗೆಯಿರಿ. ತಾಮ್ರದ ಹಾದಿ ಎದ್ದುಹೋಗಿದ್ದರೆ ದಪ್ಪ ವೈರಿನಿಂದ ಸೇತುವೆ ಕಟ್ಟಿ. ಹೊಸ ರೆಸಿಸ್ಟರಿನ ಓಮ್ ಅಷ್ಟೇ ಇರಲಿ, ವ್ಯಾಟ್ ಒಂದು ಮಟ್ಟ ಹೆಚ್ಚಿರಲಿ: 10 ವ್ಯಾಟ್ ಇದ್ದಲ್ಲಿ 20. ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತಿ ನಿಲ್ಲಿಸಿ, ಗಾಳಿ ಆಡಲಿ. ಇದರ ಹತ್ತಿರ ಹಾಟ್ ಗ್ಲೂ ಬಳಸಬೇಡಿ, ಕರಗಿ ಹರಿಯುತ್ತದೆ.

## ಕೈಪಳಗಿದವರು ಕೇಳುವವು

ಹಾರ್ನ್‌ಗೆ ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ದಾರೆ. ಸರಿ ಮಾಡಲಾ?

ಕಂಪನಿಯ ಮೂಲ ಜೋಡಣೆ ಹಾಗಿದ್ದರೆ ಮುಟ್ಟಬೇಡಿ. ಆಕ್ಟೇವಿಗೆ (ಫ್ರೀಕ್ವೆನ್ಸಿ ದುಪ್ಪಟ್ಟಾದಾಗ ಅಥವಾ ಅರ್ಧವಾದಾಗ) 12 ಡೆಸಿಬೆಲ್ ಇಳಿಜಾರಿನ ಕ್ರಾಸ್‌ಓವರಿನಲ್ಲಿ ವೂಫರ್ ಮತ್ತು ಹಾರ್ನ್ ಕೂಡುವ ಫ್ರೀಕ್ವೆನ್ಸಿಯಲ್ಲಿ ಅವುಗಳ ನಡುವೆ 180 ಡಿಗ್ರಿ ಫೇಸ್ ವ್ಯತ್ಯಾಸ ಹುಟ್ಟುತ್ತದೆ, ಅಂದರೆ ಒಂದು ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಎಳೆಯುತ್ತದೆ. ಒಂದನ್ನು ಉಲ್ಟಾ ಮಾಡಿದರೇ ಎರಡೂ ಕೂಡುವುದು, ಇಲ್ಲವಾದರೆ ಹಾಡುಗಾರರ ದನಿಯ ಮೇಲ್ಭಾಗದಲ್ಲಿ ಹಳ್ಳ ಬೀಳುತ್ತದೆ. ಹಿಂದೆ ಯಾರಾದರೂ ಬಿಚ್ಚಿದ ಗುರುತಿದ್ದು ಅನುಮಾನವಾದರೆ ಕ್ರಾಸ್‌ಓವರ್ ಫ್ರೀಕ್ವೆನ್ಸಿಯ ಟೋನ್ ಹಾಕಿ, ಬಾಕ್ಸ್‌ನ ನೇರ ಮುಂದೆ ಎರಡು ಮೀಟರ್ ದೂರ ನಿಂತು, ಹಾರ್ನ್‌ನ ವೈರು ಅದಲುಬದಲು ಮಾಡಿ ಎರಡೂ ರೀತಿ ಕೇಳಿ. ಜೋರಾಗಿ ಬರುವುದು ಸಾಮಾನ್ಯವಾಗಿ ಸರಿಯಾದ ಜೋಡಣೆ. ವೂಫರಿನ ಗುರುತುಗಳನ್ನೂ ಕಣ್ಣುಮುಚ್ಚಿ ನಂಬಬೇಡಿ: ಹಳೆಯ ಜೆಬಿಎಲ್ ವೂಫರ್‌ಗಳಲ್ಲಿ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ಕೋನ್ ಒಳಕ್ಕೆ ಹೋಗುತ್ತದೆ, ಉಳಿದ ಬಹುತೇಕರದ್ದರಲ್ಲಿ ಹೊರಕ್ಕೆ ಬರುತ್ತದೆ.

ಮೂಲ ಬೋರ್ಡ್ ಪೂರ್ತಿ ಹೋಗಿದೆ. ರೆಡಿಮೇಡ್ ಕ್ರಾಸ್‌ಓವರ್ ಹಾಕಿದ್ರೆ ನಡೆಯುತ್ತಾ?

ಸದ್ದು ಬರುತ್ತದೆ, ಆದರೆ ಆ ಬಾಕ್ಸ್‌ನ ಸದ್ದು ಬರುವುದಿಲ್ಲ. ಮೂಲ ಬೋರ್ಡನ್ನು ಆ ವೂಫರ್, ಆ ಹಾರ್ನ್‌ಗೆಂದೇ ಹೊಂದಿಸಿರುತ್ತಾರೆ. ರೆಡಿಮೇಡ್ ಬೋರ್ಡಿನಲ್ಲಿ ಹಾರ್ನ್ ಇಳಿಸುವ ರೆಸಿಸ್ಟರ್‌ಗಳು ಹಲವು ಸಲ ಇರುವುದೇ ಇಲ್ಲ, ಮೇಲೆ ಬರೆದ ವ್ಯಾಟ್‌ಗೂ ಅದರ ಸಣ್ಣ ತಂತಿಯ ಕಾಯಿಲ್‌ಗೂ ಹೊಂದಾಣಿಕೆ ಕಾಣುವುದಿಲ್ಲ. ಜೋಡಿ ಬಾಕ್ಸ್ ಇದ್ದರೆ ಅದರ ಬೋರ್ಡನ್ನು ನೋಡಿ ಭಾಗ ಭಾಗವಾಗಿ ನಕಲು ಮಾಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಅದೂ ಇಲ್ಲದಿದ್ದರೆ ಲೆಕ್ಕ ಹಾಕಲೇಬೇಕು. 8 ಓಮ್, 2000 ಹರ್ಟ್ಸ್, ಆಕ್ಟೇವಿಗೆ 12 ಡೆಸಿಬೆಲ್‌ನ ಬಟರ್‌ವರ್ತ್ ಎಂಬ ಮಾಮೂಲಿ ಲೆಕ್ಕದ ಜೋಡಣೆಗೆ ಕೆಪಾಸಿಟರ್ ಸುಮಾರು 7 ಮೈಕ್ರೋಫ್ಯಾರಡ್, ಕಾಯಿಲ್ 0.9 ಮಿಲಿಹೆನ್ರಿ. ಫ್ರೀಕ್ವೆನ್ಸಿ ಅರ್ಧವಾದರೆ ಎರಡೂ ಮೌಲ್ಯ ದುಪ್ಪಟ್ಟು. ಹಾರ್ನ್ ತಯಾರಕರು ಹೇಳಿದ ಕನಿಷ್ಠ ಫ್ರೀಕ್ವೆನ್ಸಿಗಿಂತ ಕೆಳಗೆ ಎಂದೂ ಇಳಿಯಬೇಡಿ. ಹಾರ್ನನ್ನು 6 ಡೆಸಿಬೆಲ್ ಇಳಿಸಲು ಸರಣಿಯಲ್ಲಿ 4 ಓಮ್, ಹಾರ್ನ್‌ಗೆ ಪಕ್ಕದಲ್ಲಿ (ಪ್ಯಾರಲೆಲ್ ಆಗಿ) 8 ಓಮ್; 3 ಡೆಸಿಬೆಲ್‌ಗೆ ಸುಮಾರು 2.3 ಮತ್ತು 19 ಓಮ್. ಹೀಗೆ ಮಾಡಿದರೆ ಕ್ರಾಸ್‌ಓವರಿಗೆ ಕಾಣುವ ಹೊರೆ 8 ಓಮ್ ಆಗಿಯೇ ಉಳಿಯುತ್ತದೆ. ಈ ಲೆಕ್ಕಗಳೆಲ್ಲ ಸ್ಪೀಕರ್ ಎಲ್ಲ ಫ್ರೀಕ್ವೆನ್ಸಿಯಲ್ಲೂ 8 ಓಮ್ ಇದೆ ಎಂದು ಹಿಡಿದವು. ನಿಜದಲ್ಲಿ ಅದು ಏರಿಳಿಯುತ್ತದೆ, ಆದ್ದರಿಂದ ಕೊನೆಯ ಹೊಂದಾಣಿಕೆ ಕಿವಿ ಮತ್ತು ಅಳತೆ ಮೈಕಿನಿಂದಲೇ ಆಗಬೇಕು.

ಕಾಯಿಲ್ ಸುಟ್ಟಿದೆ. ಅದೇ ಮಿಲಿಹೆನ್ರಿಯ ಯಾವುದಾದ್ರೂ ಹಾಕಬಹುದಾ?

ತಂತಿಯ ದಪ್ಪವೂ ಹೊಂದಬೇಕು. ವೂಫರಿನ ಕಾಯಿಲ್‌ನ ರೆಸಿಸ್ಟೆನ್ಸ್ ಅರ್ಧ ಓಮ್ ದಾಟಿದರೆ ಪವರ್ ಶಾಖವಾಗಿ ಹೋಗುತ್ತದೆ, ಬಾಸ್ ಸಡಿಲಾಗುತ್ತದೆ. ಕಬ್ಬಿಣದ ನಡುವಿನ ಕಾಯಿಲ್ ಇದ್ದಲ್ಲಿ ಸಣ್ಣ ನಡುವಿನದ್ದು ಹಾಕಿದರೆ ಜೋರಾದಾಗ ಅದು ಸ್ಯಾಚುರೇಟ್ ಆಗಿ (ಇನ್ನಷ್ಟು ಅಯಸ್ಕಾಂತ ಶಕ್ತಿ ಹಿಡಿಯಲಾರದೆ) ಸದ್ದು ಒಡೆಯುತ್ತದೆ. ಎರಡು ಕಾಯಿಲ್‌ಗಳನ್ನು ಅಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಬೇಡಿ, ಒಂದರ ಅಯಸ್ಕಾಂತ ಕ್ಷೇತ್ರ ಇನ್ನೊಂದಕ್ಕೆ ಹೊಕ್ಕುತ್ತದೆ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ.

ಲೋಹದ ಜ್ಯಾಕ್ ಪ್ಲೇಟ್ ಇಟ್ಟು ಎರಡು ಚಾನೆಲ್ ತಂದ್ರೆ ಆಂಪ್ಲಿಫೈಯರ್ ಪ್ರೊಟೆಕ್ಟ್‌ಗೆ ಹೋಗ್ತಿದೆ.

ಬ್ರಿಜ್ ಮಾಡಿದ (ಎರಡು ಚಾನೆಲ್ ಸೇರಿಸಿ ಒಂದಾಗಿಸಿದ) ಆಂಪ್ಲಿಫೈಯರ್‌ಗಳಲ್ಲಿ, ಹಲವು ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಮಾದರಿಗಳಲ್ಲಿ ಕಪ್ಪು ಟರ್ಮಿನಲ್ ಕೂಡ ಜೀವಂತ ಔಟ್‌ಪುಟ್. ಲೋಹದ ಮೈಯ ಕಾಲಿಂಚು ಜ್ಯಾಕ್‌ಗಳನ್ನು ಒಂದೇ ಲೋಹದ ಪ್ಲೇಟಿಗೆ ಬಿಗಿದರೆ ಎರಡು ಚಾನೆಲ್‌ಗಳ ಮೈನಸ್‌ಗಳು ಪ್ಲೇಟಿನ ಮೂಲಕ ಒಂದಾಗುತ್ತವೆ. ಅದು ಶಾರ್ಟ್ ಆದಂತೆಯೇ, ಆಂಪ್ಲಿಫೈಯರ್ ತನ್ನನ್ನು ಕಾಪಾಡಿಕೊಳ್ಳಲು ಔಟ್‌ಪುಟ್ ನಿಲ್ಲಿಸುತ್ತದೆ. ಪ್ಲಾಸ್ಟಿಕ್ ಮೈಯ ಸಾಕೆಟ್ ಹಾಕಿದರೆ ಸಮಸ್ಯೆ ಮುಗಿಯಿತು.

ಎಲ್ಲ ಮುಚ್ಚಿದ ಮೇಲೆ ಸರಿಯಾಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳಲಿ?

ಮುಚ್ಚುವ ಮೊದಲೇ ಸಣ್ಣ ವಾಲ್ಯೂಮಿನಲ್ಲಿ 100 ಹರ್ಟ್ಸ್, 1 ಮತ್ತು 5 ಕಿಲೋಹರ್ಟ್ಸ್ ಟೋನ್ ಹಾಕಿ ಎರಡೂ ಸ್ಪೀಕರ್ ಮಾತಾಡುತ್ತಿವೆಯೇ ಕೇಳಿ. ಮೀಟರಿನ ಎ.ಸಿ. ಓದನ್ನು 1 ಕಿಲೋಹರ್ಟ್ಸ್ ಮೇಲೆ ನಂಬಬೇಡಿ, ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ತೋರಿಸುತ್ತವೆ. ಜೋಡಿ ಬಾಕ್ಸ್‌ಗಳನ್ನು ಒತ್ತೊತ್ತಾಗಿ ಇಟ್ಟು ಒಂದೇ ಮೋನೋ ಹಾಡು ಹಾಕಿದಾಗ ಬಾಸ್ ತುಂಬಿ ಬರಬೇಕು. ಎರಡನೆಯದನ್ನು ಸೇರಿಸಿದ ಕೂಡಲೇ ಬಾಸ್ ಮಾಯವಾದರೆ ಒಂದರಲ್ಲಿ ಪೋಲಾರಿಟಿ ಉಲ್ಟಾ.

ಮುಚ್ಚಿದ ಮೇಲೆ 40ರಿಂದ 200 ಹರ್ಟ್ಸ್‌ವರೆಗೆ ಟೋನನ್ನು ನಿಧಾನ ಏರಿಸುತ್ತಾ ಹೋಗಿ. ಸಡಿಲ ಸ್ಕ್ರೂ, ಹಿಡಿಕೆ, ಬಡಿಯುವ ವೈರು ಯಾವುದಿದ್ದರೂ ತನ್ನದೇ ಸ್ವರದಲ್ಲಿ ಜುಮ್ ಎನ್ನುತ್ತದೆ. ಜ್ಯಾಕ್ ಪ್ಲೇಟಿನ ಅಂಚಿಗೆ ಬೆರಳು ಹಿಡಿದು ನೋಡಿ. ಗಾಳಿ ತಾಗಿದರೆ ಹಿಂದಿದ್ದ ಫೋಮ್ ಪಟ್ಟಿ ಹರಿದಿದೆ, ಹೊಸದು ಅಂಟಿಸಿ.

ಹಾರ್ನ್ ಡಯಾಫ್ರಮ್ ಹಾಕಿದಷ್ಟೂ ಸಲ ಸುಡ್ತಿದೆ. ಯಾಕೆ?

ಡಯಾಫ್ರಮ್ ಮತ್ತೆ ತರುವ ಮೊದಲು ಮೂರು ಕಡೆ ನೋಡಿ. ಹಾರ್ನ್‌ನ ಸರಣಿಯ ಕೆಪಾಸಿಟರ್ ಶಾರ್ಟ್ ಆಗಿದೆಯೇ, ಯಾರಾದರೂ ದೊಡ್ಡ ಮೌಲ್ಯದ್ದು ಹಾಕಿದ್ದಾರೆಯೇ? ಬಲ್ಬ್ ಇದ್ದ ಜಾಗದಲ್ಲಿ ವೈರು ಕುಳಿತಿದೆಯೇ? ಹಾರ್ನ್‌ಗೆ ಪಕ್ಕದಲ್ಲಿ ಸೇರುವ ಕಾಯಿಲ್ ಅಥವಾ ರೆಸಿಸ್ಟರಿನ ಬೆಸುಗೆ ಬಿಟ್ಟಿದೆಯೇ? ಈ ಕೊನೆಯದು ಕಣ್ತಪ್ಪಿಸುವುದರಲ್ಲಿ ನಿಸ್ಸೀಮ: ಪಕ್ಕದ ಕಾಯಿಲ್ ಕಳಚಿದರೂ ಹಾರ್ನ್ ಮಾತಾಡುತ್ತಲೇ ಇರುತ್ತದೆ, ಆದರೆ ಇಳಿಜಾರು 12ರಿಂದ 6 ಡೆಸಿಬೆಲ್‌ಗೆ ಕುಸಿದು ಕೆಳಗಿನ ಸ್ವರಗಳೆಲ್ಲ ಡಯಾಫ್ರಮ್ ಮೇಲೆ ಬೀಳುತ್ತವೆ. ಬೋರ್ಡ್ ಸರಿಯಿದ್ದರೆ ಆಂಪ್ಲಿಫೈಯರ್ ತನ್ನ ಮಿತಿ ಮೀರಿದಾಗ ಹೊತ್ತುವ ಕ್ಲಿಪ್ ದೀಪದ ಮೇಲೆ ಕಣ್ಣಿಡಿ. ಅದು ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಅಲೆಯ ತಲೆ ಕತ್ತರಿಸಿ ಹುಟ್ಟಿದ ಮೇಲಿನ ಸ್ವರಗಳು ಹಾರ್ನ್‌ಗೇ ಹೋಗುತ್ತವೆ, ಜೊತೆಗೆ ಸರಾಸರಿ ಪವರ್ ಕೂಡ ಏರುತ್ತದೆ. ಆ ಬಾಕ್ಸ್‌ಗೆ ಆ ಜಾಗ ದೊಡ್ಡದಾಯಿತು ಎಂದರ್ಥ. ಇನ್ನೊಂದು ಜೋಡಿ ಬಾಕ್ಸ್ ಸೇರಿಸಿ, ಅಥವಾ ವಾಲ್ಯೂಮ್ ಇಳಿಸಿ.